ಸಣ್ಣ ರೂಮಿಗೆ ಕಡಿಮೆ ದುಡ್ಡಲ್ಲಿ ಒಳ್ಳೆ ಸ್ಪೀಕರ್ ಬೇಕಾ, ಮೊದ್ಲು ಅಳತೆ ಟೇಪ್ ಹುಡುಕಿ

ಸ್ಪೀಕರ್ ತಗೋಬೇಕು ಅಂತ ಮನಸ್ಸಿಗೆ ಬಂದ ತಕ್ಷಣ ಎಲ್ಲರೂ ಮಾಡೋ ಮೊದಲನೇ ಕೆಲಸ ಮಾಡೆಲ್ ಹೆಸರು ಹುಡುಕೋದು. ನಾನೂ ಅದನ್ನೇ ಮಾಡಿದ್ದೆ. ಅಂಗಡಿಯ ದೊಡ್ಡ ಹಾಲಲ್ಲಿ ಕೇಳಿ, ಎದೆಮಟ್ಟ ಬರೋ ಟವರ್ ಸ್ಪೀಕರ್ ಜೋಡಿ ಇಷ್ಟಪಟ್ಟು ತಂದು, 12 ಅಡಿ ಉದ್ದ 10 ಅಡಿ ಅಗಲದ ರೂಮಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿ, ಎದುರು ಗೋಡೆಗೆ ಬೆನ್ನು ಕೊಟ್ಟು ಕೂತು ಹಾಡು ಹಾಕಿದೆ. ಬೇಸ್ ಗಿಟಾರ್‌ನವನು ಎ ತಂತಿ ಮೀಟಿದಾಗೆಲ್ಲಾ ರೂಮು ಪೂರ್ತಿ ಗುಂಯ್ ಅನ್ನೋದು, ಅದರ ಪಕ್ಕದಲ್ಲೇ ಇರೋ ಇನ್ನೊಂದು ಸ್ವರ ಬಂದ್ರೆ ಯಾರೋ ವಾಲ್ಯೂಮ್ ಇಳಿಸಿದ ಹಾಗೆ ಮಾಯ. ಕೇಬಲ್ ಬದಲಾಯಿಸಿದೆ, ಆಂಪ್ (ಸ್ಪೀಕರ್‌ಗೆ ಪವರ್ ಕೊಡೋ ಆಂಪ್ಲಿಫೈಯರ್) ಬದಲಾಯಿಸಿದೆ, ಏನೂ ಆಗ್ಲಿಲ್ಲ. ಕೊನೆಗೆ ಸ್ನೇಹಿತನ ಹತ್ರ ಇದ್ದ, ಅದರ ಕಾಲು ಭಾಗದ ಬೆಲೆಯ, ಐದು ಇಂಚು ವೂಫರ್ (ಬೇಸ್ ನುಡಿಸೋ ದೊಡ್ಡ ಕೋನ್) ಇರೋ ಚಿಕ್ಕ ಸ್ಪೀಕರ್ ಡಬ್ಬ ತಂದು ಕುರ್ಚಿ ಜಾಗ ಬದಲಾಯಿಸಿ ಕೇಳಿದಾಗ ಗಾಯಕಿ ಉಸಿರು ತಗೊಳ್ಳೋದು ಕೂಡ ಸ್ಪಷ್ಟವಾಗಿ ಕೇಳಿಸ್ತು. ಆವತ್ತಿಂದ ಯಾರು ಕೇಳಿದ್ರೂ ನಾನು ಹೇಳೋದು ಒಂದೇ, ಸ್ಪೀಕರ್ ಆಮೇಲೆ, ಮೊದ್ಲು ರೂಮು.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಇದು ಅರ್ಥ ಆದ್ರೆ ಅರ್ಧ ದುಡ್ಡು ಉಳಿದ ಹಾಗೆ. ಎರಡು ಎದುರುಬದುರು ಗೋಡೆ ಮಧ್ಯೆ ಶಬ್ದ ಹೋಗಿ ಬಂದು ಹೋಗಿ ಬಂದು ಒಂದು ನಿರ್ದಿಷ್ಟ ಫ್ರೀಕ್ವೆನ್ಸಿಯಲ್ಲಿ (ಸೆಕೆಂಡಿಗೆ ಎಷ್ಟು ಕಂಪನ ಅನ್ನೋದು, ಹರ್ಟ್ಜ್‌ನಲ್ಲಿ ಹೇಳ್ತಾರೆ) ತನಗೆ ತಾನೇ ಸೇರಿಕೊಂಡು ದಪ್ಪ ಆಗತ್ತೆ, ಇದನ್ನೇ ರೂಮ್ ಮೋಡ್ ಅಂತಾರೆ. ಲೆಕ್ಕ ಬಹಳ ಸುಲಭ: 565 ಅನ್ನ ಗೋಡೆಯಿಂದ ಗೋಡೆಗೆ ಇರೋ ಅಡಿಯಿಂದ ಭಾಗಿಸಿ. 10 ಅಡಿ ಇದ್ರೆ 56.5 ಹರ್ಟ್ಜ್, 12 ಅಡಿ ಇದ್ರೆ 47 ಹರ್ಟ್ಜ್, ಅದರ ಎರಡರಷ್ಟು ಮೂರರಷ್ಟು ಫ್ರೀಕ್ವೆನ್ಸಿಯಲ್ಲೂ ಇದೇ ಕಥೆ. ಬೇಸ್ ಗಿಟಾರ್‌ನ ಎ ತಂತಿ 55 ಹರ್ಟ್ಜ್, ನನ್ನ ರೂಮಿನ ಅಗಲ 10 ಅಡಿ, ಸೂರಿನ ಎತ್ತರನೂ 10 ಅಡಿ, ಎರಡೂ ಒಂದೇ ಜಾಗಕ್ಕೆ ಬಂದು ಕೂತಿದ್ವು. ಗೋಡೆ ಹತ್ರ ಈ ಮೋಡ್‌ಗಳೆಲ್ಲಾ ಗರಿಷ್ಠ, ಸರಿಯಾಗಿ ನಡುಮಧ್ಯ ಮೊದಲನೇ ಮೋಡ್ ಶೂನ್ಯ. ಗೋಡೆಗೆ ಒರಗಿ ಕೂತ್ರೆ ಗುಂಯ್, ನಟ್ಟನಡುವೆ ಕೂತ್ರೆ ಬೇಸ್ ಇಲ್ಲ. ಇದರಲ್ಲಿ ಸ್ಪೀಕರ್ ಕಂಪನಿ ತಪ್ಪು ಏನೂ ಇಲ್ಲ, ಯಾವ ಬೆಲೆಯ ಸ್ಪೀಕರ್ ತಂದ್ರೂ 56 ಹರ್ಟ್ಜ್ ಹತ್ರ ಅದು ಅದೇ ಗೋಡೆಗಳ ಮಾತು ಕೇಳ್ಬೇಕು.

ಹಾಗಾಗಿ ಮೊದಲ ಕೆಲಸ, ಉದ್ದ ಅಗಲ ಎತ್ತರ ಅಳೆದು ಬರ್ಕೊಳ್ಳಿ. ಮೂರರಲ್ಲಿ ಎರಡು ಅಳತೆ ಒಂದೇ ಆಗಿದ್ರೆ ಅಲ್ಲಿ ಬೇಸ್ ತೊಂದರೆ ಜಾಸ್ತಿ ಇರತ್ತೆ ಅಂತ ಮೊದಲೇ ಗೊತ್ತಿರ್ಲಿ, ಚೌಕಾಕಾರದ ರೂಮ್ ಆದ್ರೆ ಇನ್ನೂ ಎಚ್ಚರ. ಸ್ಪೀಕರ್ ಮುಖ ಉದ್ದನೆಯ ದಿಕ್ಕಿಗೆ ಇರ್ಲಿ, ಅಂದ್ರೆ 10 ಅಡಿ ಗೋಡೆ ಮುಂದೆ ಸ್ಪೀಕರ್ ಇಟ್ಟು 12 ಅಡಿ ಉದ್ದಕ್ಕೆ ಹಾಡ್ಸೋದು. ಕುರ್ಚಿ ಹಿಂದಿನ ಗೋಡೆಯಿಂದ ರೂಮಿನ ಉದ್ದದ ಸುಮಾರು 38 ಪರ್ಸೆಂಟ್ ಮುಂದೆ, 12 ಅಡಿಗೆ ನಾಲ್ಕೂವರೆ ಅಡಿ ಆಗತ್ತೆ. ಇದು ಶಾಸನ ಅಲ್ಲ, ಶುರು ಮಾಡೋ ಜಾಗ, ಅಲ್ಲಿಂದ ಅರ್ಧ ಅಡಿ ಹಿಂದೆ ಮುಂದೆ ಸರಿದು ನಿಮ್ಮ ಕಿವಿಗೆ ಸರಿ ಅನ್ಸೋ ಕಡೆ ನಿಲ್ಲಿ. ಅರ್ಧ ಅಡಿ ಸರಿದ್ರೆ ಬೇಸ್ ಎಷ್ಟು ಬದಲಾಗತ್ತೆ ಅಂತ ಒಮ್ಮೆ ಕೇಳಿದ್ರೆ ಆಮೇಲೆ ಯಾರೂ ನಿಮಗೆ ದುಬಾರಿ ಕೇಬಲ್ ಮಾರೋಕ್ಕಾಗಲ್ಲ.

ಈಗ ಸ್ಪೀಕರ್ ಸೈಜು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಅದು ಜೇಬಿಗೆ ಮಾತ್ರ ಅಲ್ಲ ರೂಮಿಗೂ ಅನ್ವಯ. ಸಣ್ಣ ರೂಮಿಗೆ ನಾಲ್ಕರಿಂದ ಆರೂವರೆ ಇಂಚು ವೂಫರ್ ಇರೋ ಬುಕ್‌ಶೆಲ್ಫ್ ಸ್ಪೀಕರ್, ಅಂದ್ರೆ ಕಪಾಟಲ್ಲಿ ಕೂರೋ ಸೈಜಿನ ಚಿಕ್ಕ ಡಬ್ಬ, ಸಾಕು, ನನ್ನ ಆಯ್ಕೆ ಕೇಳಿದ್ರೆ ಐದು ಅಥವಾ ಐದೂಕಾಲು ಇಂಚು. ಟವರ್ ಯಾಕೆ ಬೇಡ ಅಂದ್ರೆ, ಮೂರು ನಾಲ್ಕು ಡ್ರೈವರ್‌ಗಳ, ಅಂದ್ರೆ ಬೇಸ್‌ಗಿರೋ ವೂಫರ್, ಮೇಲಿನ ಸ್ವರಕ್ಕಿರೋ ಟ್ವೀಟರ್ ಇಂಥವುಗಳ, ಶಬ್ದ ಒಂದಕ್ಕೊಂದು ಬೆರೀಬೇಕಾದ್ರೆ ಒಂದಷ್ಟು ದೂರ ಬೇಕು, ಆರು ಅಡಿಯಲ್ಲಿ ಕೂತವರಿಗೆ ಬೇಸ್ ಒಂದು ಕಡೆಯಿಂದ ದನಿ ಒಂದು ಕಡೆಯಿಂದ ಬಂದ ಹಾಗೆ ಕೇಳ್ಸೋ ಚಾನ್ಸ್ ಇದೆ. ಜೊತೆಗೆ ಅದೇ ಬೆಲೆಗೆ ಟವರ್ ತಗೊಂಡ್ರೆ ದುಡ್ಡಿನ ದೊಡ್ಡ ಪಾಲು ಮರದ ಡಬ್ಬಕ್ಕೆ ಹೋಗತ್ತೆ, ಬುಕ್‌ಶೆಲ್ಫ್‌ನಲ್ಲಿ ಡ್ರೈವರ್ ಮತ್ತೆ ಅವುಗಳ ನಡುವೆ ಶಬ್ದ ಹಂಚೋ ಕ್ರಾಸ್‌ಓವರ್‌ಗೆ ಹೋಗತ್ತೆ.

ಚಿಕ್ಕ ಡಬ್ಬದಲ್ಲಿ ಬೇಸ್ ಎಲ್ಲಿ ಬರತ್ತೆ ಅಂತ ಕೇಳೋರು ಇದ್ದಾರೆ, ನ್ಯಾಯವಾದ ಪ್ರಶ್ನೆನೇ. ಕೆಎಲ್‌ಎಚ್ ಅನ್ನೋ ಸ್ಪೀಕರ್ ಕಂಪನಿಯ ಹೆಸರಲ್ಲಿರೋ ಎಚ್ ಅಂದ್ರೆ ಆಂಟನ್ ಹಾಫ್‌ಮನ್, ಅವರ ಹೆಸರಲ್ಲಿ ಒಂದು ಕಬ್ಬಿಣದ ನಿಯಮ ಇದೆ: ಸಣ್ಣ ಡಬ್ಬ, ಆಳದ ಬೇಸ್, ಕಡಿಮೆ ಪವರ್‌ಗೆ ಜೋರು ಶಬ್ದ, ಈ ಮೂರರಲ್ಲಿ ಎರಡು ಮಾತ್ರ ಒಟ್ಟಿಗೆ ಸಿಗತ್ತೆ. ಇದು ಭೌತಶಾಸ್ತ್ರ, ಯಾವ ಜಾಹೀರಾತಿಗೂ ಬಗ್ಗಲ್ಲ. ಆದ್ರೆ ಸಣ್ಣ ರೂಮಿನವರ ಅದೃಷ್ಟ ಏನಂದ್ರೆ ಅವರಿಗೆ ಜೋರು ಬೇಕಾಗೇ ಇಲ್ಲ, ಹತ್ರ ಕೂತಿರ್ತಾರೆ, ಹಾಗಾಗಿ ಸೆನ್ಸಿಟಿವಿಟಿ (ಕೊಟ್ಟ ಪವರ್‌ಗೆ ಎಷ್ಟು ಜೋರು ಬರತ್ತೆ ಅನ್ನೋದು, ಡಿಬಿ ಅಂದ್ರೆ ಡೆಸಿಬಲ್‌ನಲ್ಲಿ ಹೇಳ್ತಾರೆ) ಸ್ವಲ್ಪ ಕಡಿಮೆ ಇದ್ರೂ ನಡೆಯತ್ತೆ. ಬಿಬಿಸಿಯವರು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನ್ ಒಳಗೆ ಇಟ್ಟು ದನಿ ಪರೀಕ್ಷೆ ಮಾಡೋಕೆ ಅಂತ ಎಲ್‌ಎಸ್ 3/5ಎ ಅನ್ನೋ ಸ್ಪೀಕರ್ ಮಾಡಿದ್ರು, ಒಂದು ಅಡಿ ಎತ್ತರದ ಡಬ್ಬ, ಐದು ಇಂಚಿನ ವೂಫರ್, ಸೆನ್ಸಿಟಿವಿಟಿ 82 ಡಿಬಿ ಆಸುಪಾಸು ಅಷ್ಟೇ, ಇವತ್ತಿಗೂ ಜನ ಅದನ್ನ ಹುಡುಕಿ ಹುಡುಕಿ ಕೊಳ್ತಾರೆ, ಯಾಕಂದ್ರೆ ಮನುಷ್ಯರ ದನಿ ಮನುಷ್ಯರ ದನಿ ಥರಾನೇ ಬರತ್ತೆ. ವ್ಯಾನ್‌ಗಿಂತ ಸಣ್ಣ ರೂಮು ನಮ್ಮಲ್ಲಿ ಯಾರದ್ದೂ ಇರಲ್ಲ.

ಆ ಸ್ಪೀಕರ್‌ನಲ್ಲಿ ಇನ್ನೊಂದು ಉಪಾಯ ಇದೆ, ನೂರು ಹರ್ಟ್ಜ್‌ನಿಂದ ಸ್ವಲ್ಪ ಮೇಲೆ ಒಂದು ಚಿಕ್ಕ ಉಬ್ಬು, ಅದರಿಂದ ಬೇಸ್ ಜಾಸ್ತಿ ಇದ್ದ ಹಾಗೆ ಕಿವಿಗೆ ಅನ್ಸತ್ತೆ. ಇವತ್ತಿನ ಎಷ್ಟೋ ಅಗ್ಗದ ಸ್ಪೀಕರ್‌ಗಳಲ್ಲೂ ಇದೇ ಉಬ್ಬು ಇರತ್ತೆ, ಕೆಲವರು ಅತಿ ಮಾಡಿರ್ತಾರೆ. ಅಂಗಡೀಲಿ ಐದು ನಿಮಿಷ ಕೇಳಿದಾಗ ಆಹಾ ಅನ್ಸತ್ತೆ, ಮನೇಲಿ ಗೋಡೆ ಹತ್ರ ಇಟ್ರೆ ಗಂಡು ದನಿ ಎಲ್ಲಾ ಡಬ್ಬದೊಳಗಿಂದ ಬಂದ ಹಾಗಾಗತ್ತೆ. ಹಾಗಾಗಿ ಕೇಳಿ ನೋಡೋವಾಗ ಬರೀ ಢಂ ಢಂ ಇರೋ ಹಾಡು ಹಾಕ್ಬೇಡಿ, ನೀವು ನೂರು ಸಲ ಕೇಳಿರೋ ಗಂಡು ದನಿ ಒಂದು, ಹೆಣ್ಣು ದನಿ ಒಂದು, ಪಿಯಾನೋ ಒಂದು, ಆಮೇಲೆ ಯಾರಾದ್ರೂ ಸುಮ್ನೆ ಮಾತಾಡಿರೋ ರೆಕಾರ್ಡಿಂಗ್ ಒಂದು. ಮಾತಿನ ರೆಕಾರ್ಡಿಂಗ್‌ಗೆ ಮೋಸ ಮಾಡೋದು ಕಷ್ಟ, ಮನುಷ್ಯರ ಮಾತು ಹೇಗಿರತ್ತೆ ಅಂತ ಎಲ್ಲರ ಕಿವಿಗೂ ಗೊತ್ತು.

ಹೋಲಿಸಿ ಕೇಳೋವಾಗ ಒಂದು ಮುಖ್ಯ ವಿಷಯ, ಎರಡೂ ಸ್ಪೀಕರ್ ಒಂದೇ ಜೋರಲ್ಲಿ ಇರ್ಬೇಕು. ಒಂದೇ ಒಂದು ಡಿಬಿ ಜೋರಿದ್ರೂ ಅದೇ ಚೆನ್ನಾಗಿದೆ ಅಂತ ಮನಸ್ಸು ತೀರ್ಮಾನ ಮಾಡಿಬಿಡತ್ತೆ, ಜೋರು ಅಂತ ಅನ್ಸೋದೂ ಇಲ್ಲ, ಸ್ಪಷ್ಟ ಅಂತ ಅನ್ಸತ್ತೆ. ಫೋನಲ್ಲಿ ಶಬ್ದ ಅಳೆಯೋ ಆ್ಯಪ್ ಹಾಕ್ಕೊಂಡು ಒಂದೇ ಜಾಗದಲ್ಲಿ ಹಿಡಿದು ಸಮ ಮಾಡ್ಕೊಳ್ಳಿ, ಆ್ಯಪ್ ತೋರ್ಸೋ ನಂಬರ್ ನಿಖರ ಇಲ್ದಿದ್ರೂ ಪರವಾಗಿಲ್ಲ, ಎರಡೂ ಸಮ ಇದ್ಯಾ ಅನ್ನೋದಷ್ಟೇ ಬೇಕಾಗಿರೋದು. ಸಾಧ್ಯ ಆದ್ರೆ ಯಾವುದು ಓಡ್ತಿದೆ ಅಂತ ಗೊತ್ತಿಲ್ದೆ ಕೇಳಿ. ಫ್ಲಾಯ್ಡ್ ಟೂಲ್ ಅನ್ನೋರು ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ, ಆಮೇಲೆ ಶಾನ್ ಆಲಿವ್ ಜೊತೆ ಹಾರ್ಮನ್ ಕಂಪನಿಯಲ್ಲಿ, ವರ್ಷಗಟ್ಟಲೆ ಪರದೆ ಹಿಂದೆ ಸ್ಪೀಕರ್ ಇಟ್ಟು ಜನರಿಗೆ ಕೇಳ್ಸಿದ್ರು. 1994ರಲ್ಲಿ ಅವರಿಬ್ಬರೂ ಪ್ರಕಟಿಸಿದ ಪ್ರಯೋಗದಲ್ಲಿ ಅದೇ ಜನ ಅದೇ ಸ್ಪೀಕರ್‌ಗಳಿಗೆ, ಕಣ್ಣಿಗೆ ಕಂಡಾಗ ಒಂಥರ ಕಾಣದೇ ಇದ್ದಾಗ ಇನ್ನೊಂಥರ ಅಂಕ ಕೊಟ್ರು. ಸೈಜು, ಬ್ರ್ಯಾಂಡು, ಬೆಲೆ ಎಲ್ಲಾ ಕಿವಿ ಒಳಗೆ ಹೋಗಿ ಕೂರತ್ತೆ.

ಅವರ ಕೆಲಸದಿಂದ ಬಂದ ದೊಡ್ಡ ಉಪಕಾರ ಇನ್ನೊಂದು. ಕಾಣದೇ ಕೇಳಿದಾಗ ಹೆಚ್ಚಿನವರು ಇಷ್ಟಪಡೋದು ಎಂಥ ಸ್ಪೀಕರ್ ಅಂದ್ರೆ, ಯಾವ ಫ್ರೀಕ್ವೆನ್ಸಿ ಎಷ್ಟು ಜೋರು ಅಂತ ನೇರ ಮುಂದೆ ಅಳೆದು ಗ್ರಾಫ್ ಹಾಕಿದ್ರೆ ಗೆರೆ ಸಮತಟ್ಟಾಗಿರ್ಬೇಕು, ಪಕ್ಕಕ್ಕೆ ಸರಿದು ಅಳೆದ್ರೂ ಅದೇ ಆಕಾರದಲ್ಲಿ ನಿಧಾನವಾಗಿ ಇಳೀಬೇಕು. ಪಕ್ಕದ ಶಬ್ದ ಯಾಕೆ ಮುಖ್ಯ ಅಂದ್ರೆ ರೂಮಲ್ಲಿ ನಾವು ಕೇಳೋದ್ರಲ್ಲಿ ದೊಡ್ಡ ಪಾಲು ಗೋಡೆಗೆ ಬಡಿದು ಬರೋದೇ, ಸಣ್ಣ ರೂಮಲ್ಲಂತೂ ಪಕ್ಕದ ಗೋಡೆ ಎರಡು ಅಡಿ ದೂರದಲ್ಲೇ ಇರತ್ತೆ. ಸುತ್ತ 10 ಡಿಗ್ರಿಗೊಂದರಂತೆ ಅಡ್ಡಕ್ಕೂ ಉದ್ದಕ್ಕೂ ಅಳೆದು ಮಾಡೋ ಗ್ರಾಫಿಗೆ ಸ್ಪಿನೊರಾಮಾ ಅಂತಾರೆ. ಈಗ ಬೇಕಾದಷ್ಟು ಅಗ್ಗದ ಸ್ಪೀಕರ್‌ಗಳ ಸ್ಪಿನೊರಾಮಾ ಹುಡುಕಿದ್ರೆ ಸಿಗತ್ತೆ, ಓದೋಕೆ ಇಂಜಿನಿಯರ್ ಆಗ್ಬೇಕಿಲ್ಲ, ಮೇಲಿನ ಗೆರೆ ಅಂಕುಡೊಂಕು ಇಲ್ದೆ ಇದ್ಯಾ, ಕೆಳಗಿನ ಗೆರೆಗಳು ಅದರ ಜೊತೆಜೊತೆಗೆ ಸಾಗ್ತಿದ್ಯಾ ಅಂತ ನೋಡಿ. 2ರಿಂದ 4 ಕಿಲೋಹರ್ಟ್ಜ್ ಮಧ್ಯೆ ದೊಡ್ಡ ಹಳ್ಳನೋ ಗುಡ್ಡನೋ ಇದ್ರೆ ಅಲ್ಲಿ ವೂಫರ್‌ನಿಂದ ಟ್ವೀಟರ್‌ಗೆ ಕೈ ಬದಲಾಗೋ ಕೆಲಸ ಸರಿಯಾಗಿಲ್ಲ ಅಂತ ಅರ್ಥ, ಅದನ್ನ ಬಿಟ್ಟುಬಿಡಿ. ಟ್ವೀಟರ್ ಸುತ್ತ ತಟ್ಟೆ ಥರ ತಗ್ಗು ಇರೋ ಸ್ಪೀಕರ್‌ಗಳು, ಅದನ್ನ ವೇವ್‌ಗೈಡ್ ಅಂತಾರೆ, ಆಮೇಲೆ ಕೆಇಎಫ್‌ನವರು ಮಾಡೋ ಥರ ವೂಫರ್ ನಡುವೇನೇ ಟ್ವೀಟರ್ ಕೂರಿಸಿರೋವು, ಈ ವಿಷಯದಲ್ಲಿ ಸಾಮಾನ್ಯವಾಗಿ ಚೆನ್ನಾಗಿ ಮಾಡ್ತವೆ. ಅಗ್ಗದ ಸಾಲಲ್ಲಿ ನೋಡೋಕೆ ಶುರು ಮಾಡೋರಿಗೆ ಕೆಇಎಫ್ ಕ್ಯೂ ಸಾಲಿನ ಚಿಕ್ಕವು, ಎಲಾಕ್ ಡೆಬ್ಯೂ, ವಾರ್ಫ್‌ಡೇಲ್ ಡೈಮಂಡ್, ಕ್ಯೂ ಅಕೌಸ್ಟಿಕ್ಸ್ 3000 ಸಾಲು, ಆಕ್ಟಿವ್ (ಒಳಗೇ ಆಂಪ್ ಇರೋದು) ಬೇಕಿದ್ರೆ ಜೆಬಿಎಲ್ 305ಪಿ, ಕಾಲಿ ಎಲ್‌ಪಿ-6 ಇಷ್ಟು ಹೆಸರು ಸಾಕು, ಇವೇ ಅಂತ ಅಲ್ಲ, ಇವುಗಳ ಗ್ರಾಫ್ ನೋಡಿ ಬೇರೆಯವನ್ನ ಹೋಲಿಸಿ.

ಡಬ್ಬದ ಮೇಲೆ ಬರೆದಿರೋ ನಂಬರ್‌ಗಳಲ್ಲಿ ನಂಬೋದೇನು ಬಿಡೋದೇನು. "45 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್" ಅಂತ ಇದ್ದು ಪಕ್ಕದಲ್ಲಿ ಪ್ಲಸ್ ಮೈನಸ್ 3 ಡಿಬಿ ಅಂತ ಇಲ್ದಿದ್ರೆ ಆ ನಂಬರ್‌ಗೆ ಅರ್ಥನೇ ಇಲ್ಲ, ಒಬ್ಬರು ಮೈನಸ್ 3ಕ್ಕೆ ಹೇಳಿರ್ತಾರೆ ಇನ್ನೊಬ್ಬರು ಮೈನಸ್ 10ಕ್ಕೆ. ಇಷ್ಟು ವ್ಯಾಟ್ ತಡೆಯತ್ತೆ ಅಂತ ಇರತ್ತಲ್ಲ, ಅದನ್ನ ನೋಡಿ ಕೊಳ್ಳಬೇಡಿ. ಸೆನ್ಸಿಟಿವಿಟಿ ನೋಡಿ, ಆದ್ರೆ ಅದರಲ್ಲೂ ಒಂದು ಸೂಕ್ಷ್ಮ ಇದೆ: 2.83 ವೋಲ್ಟ್‌ಗೆ ಅಂತ ಬರೆದಿದ್ರೆ 8 ಓಮ್ ಸ್ಪೀಕರ್‌ಗೆ ಅದು 1 ವ್ಯಾಟ್, 4 ಓಮ್ ಸ್ಪೀಕರ್‌ಗೆ 2 ವ್ಯಾಟ್, ಹಾಗಾಗಿ 4 ಓಮ್‌ನದ್ದು 3 ಡಿಬಿ ಜಾಸ್ತಿ ಕಾಣತ್ತೆ.

ಆಂಪ್ ಎಷ್ಟು ವ್ಯಾಟ್ ಬೇಕು ಅಂತ ಎಲ್ಲರೂ ಹೆದರ್ತಾರೆ, ಲೆಕ್ಕ ಹಾಕಿ ನೋಡಿ. 86 ಡಿಬಿ ಸ್ಪೀಕರ್ 1 ವ್ಯಾಟ್ ಕೊಟ್ರೆ 1 ಮೀಟರ್‌ನಲ್ಲಿ 86 ಡಿಬಿ, 2 ಮೀಟರ್‌ಗೆ ಹೋದ್ರೆ 6 ಕಮ್ಮಿ ಅಂದ್ರೆ 80, ಎರಡು ಸ್ಪೀಕರ್ ಇರೋದ್ರಿಂದ ಮತ್ತೆ 3 ಸೇರಿ 83, ಗೋಡೆಗಳು ಇನ್ನೂ ಸ್ವಲ್ಪ ಸೇರಿಸ್ತವೆ. ನೆಮ್ಮದಿಯಾಗಿ ಕೇಳೋಕೆ 75 ಡಿಬಿ ಸಾಕು, ಅದಕ್ಕೆ ಕಾಲು ವ್ಯಾಟ್ ಕೂಡ ಬೇಡ. ಹಾಡಲ್ಲಿ ತಬಲಾ ಏಟು ಡ್ರಮ್ ಏಟು ಸರಾಸರಿಗಿಂತ 20 ಡಿಬಿ ಮೇಲೆ ಹಾರಿದ್ರೂ 16 ವ್ಯಾಟ್ ಹತ್ರ ಮುಗೀತು. ಹಾಗಾಗಿ 30ರಿಂದ 50 ವ್ಯಾಟ್‌ನ ಪ್ರಾಮಾಣಿಕ ಆಂಪ್ ಸಣ್ಣ ರೂಮಿಗೆ ಧಾರಾಳ. 50ರಿಂದ 100ಕ್ಕೆ ಹೋದ್ರೆ ಸಿಗೋದು ಬರೀ 3 ಡಿಬಿ, ಎರಡರಷ್ಟು ಜೋರು ಅನ್ಸೋಕೆ 10 ಡಿಬಿ ಬೇಕು. ಆ ದುಡ್ಡನ್ನ ಸ್ಪೀಕರ್‌ಗೆ ಹಾಕಿ. ಕೇಬಲ್‌ಗೆ 1.5 ಅಥವಾ 2.5 ಚದರ ಮಿಲಿಮೀಟರ್ ತಾಮ್ರದ ವೈರ್, ಅಷ್ಟೇ.

ಮನೇಲಿ ಆಂಪ್ ಏನೂ ಇಲ್ಲ, ಸೊನ್ನೆಯಿಂದ ಶುರು ಮಾಡ್ತಿದ್ದೀರಾ ಅಂದ್ರೆ ನಾನು ಆಕ್ಟಿವ್ ಸ್ಪೀಕರ್ ತಗೊಳ್ಳಿ ಅಂತೀನಿ. ಒಳಗೇ ಆಂಪ್ ಇರತ್ತೆ, ವೂಫರ್‌ಗೊಂದು ಟ್ವೀಟರ್‌ಗೊಂದು, ಡಿಸೈನ್ ಮಾಡಿದವರೇ ಹೊಂದಿಸಿ ಕೊಟ್ಟಿರ್ತಾರೆ, ಗೋಡೆ ಹತ್ರ ಇಟ್ರೆ ಬೇಸ್ ಇಳಿಸೋ ಸ್ವಿಚ್ಚೂ ಹಿಂದೆ ಇರತ್ತೆ ಬಹಳಷ್ಟರಲ್ಲಿ. ಎರಡು ತೊಂದರೆ: ಎರಡೂ ಸ್ಪೀಕರ್‌ಗೆ ಪ್ಲಗ್ ಪಾಯಿಂಟ್ ಬೇಕು, ಕೆಲವು ಅಗ್ಗದವು ಹಾಡು ನಿಂತಾಗ ಟ್ವೀಟರ್‌ನಿಂದ ಸುಯ್ ಅಂತ ಸಣ್ಣ ಶಬ್ದ ಮಾಡ್ತಿರತ್ತೆ, ರಾತ್ರಿ ಮೂರಡಿ ದೂರದಲ್ಲಿ ಕೂತು ಕೇಳೋರಿಗೆ ಕಿರಿಕಿರಿ. ಕೊಳ್ಳೋ ಮುಂಚೆ ಏನೂ ಪ್ಲೇ ಮಾಡದೆ ಕಿವಿ ಕೊಟ್ಟು ಕೇಳಿ. ಆಂಪ್ ಬೇರೆ ಇರೋ ಪ್ಯಾಸಿವ್‌ನಲ್ಲಿ ಈ ರಗಳೆ ಕಡಿಮೆ, ಆಂಪ್ ಒಂದೇ ಹಾಳಾದ್ರೆ ಅದೊಂದೇ ಬದಲಾಯಿಸಬಹುದು.

ಡಬ್ಬದಲ್ಲಿ ತೂತು (ಪೋರ್ಟ್ ಅಂತಾರೆ) ಎಲ್ಲಿದೆ ನೋಡಿ. ಪೋರ್ಟ್ ಹಿಂದಿದ್ರೆ ಗೋಡೆಗೆ ಅಂಟಿಸಿ ಇಡೋಕಾಗಲ್ಲ, ಕನಿಷ್ಠ ಒಂದು ಅಂಗೈ ಉದ್ದ ಗಾಳಿ ಬೇಕು. ಮುಂದೆ ತೂತಿದ್ರೆ ಆ ಚಿಂತೆ ಕಡಿಮೆ, ಆದ್ರೆ ಗೋಡೆ ಬೇಸ್ ಹೆಚ್ಚಿಸೋದು ಹೇಗೂ ತಪ್ಪಲ್ಲ, ಅದು ತೂತಿಂದ ಅಲ್ಲ ಗೋಡೆಯಿಂದ ಆಗೋದು, ಮುಂದೆ ಪೋರ್ಟ್ ಇದೆ ಗೋಡೆಗೆ ಒತ್ತಿ ಇಡಬಹುದು ಅಂತ ಯಾರಾದ್ರೂ ಅಂದ್ರೆ ಪೂರ್ತಿ ನಂಬಬೇಡಿ. ತೂತೇ ಇಲ್ಲದ ಸೀಲ್ಡ್ ಡಬ್ಬ ನನಗೆ ಸಣ್ಣ ರೂಮಿಗೆ ಬಹಳ ಇಷ್ಟ. ಪೋರ್ಟ್ ಇರೋದು ತನ್ನ ಮಿತಿ ದಾಟಿದ ಮೇಲೆ ಒಂದು ಆಕ್ಟೇವ್‌ಗೆ (ಅಂದ್ರೆ ಫ್ರೀಕ್ವೆನ್ಸಿ ಅರ್ಧ ಆದ ಹಾಗೆಲ್ಲಾ) 24 ಡಿಬಿಯಂತೆ ದಬಕ್ಕನೆ ಬೀಳತ್ತೆ, ಸೀಲ್ಡ್ 12 ಡಿಬಿಯಂತೆ ನಿಧಾನವಾಗಿ ಇಳಿಯತ್ತೆ, ಅದೇ ಹೊತ್ತಿಗೆ ಸಣ್ಣ ರೂಮು ತೀರಾ ಕೆಳಗಿನ ಬೇಸ್‌ನ ಸ್ವಲ್ಪ ಎತ್ತಿ ಹಿಡಿಯತ್ತೆ, ಎರಡೂ ಹೊಂದಿಕೊಳ್ತವೆ. ಪೋರ್ಟ್ ಇರೋ ಸ್ಪೀಕರ್ ಗುಂಯ್ ಅಂತಿದ್ರೆ ತೂತಿಗೆ ಸ್ಪಾಂಜ್ ಅಥವಾ ಸುತ್ತಿದ ಕಾಲುಚೀಲ ತುರುಕಿ ನೋಡಿ, ಎಷ್ಟೋ ಸಲ ಅಷ್ಟೇ ಸಾಕಾಗತ್ತೆ.

ಇಡೋದ್ರ ಬಗ್ಗೆ ಇನ್ನೊಂದು ಹೇಳ್ಲೇಬೇಕು. ವೂಫರ್‌ನಿಂದ ಹಿಂದಕ್ಕೆ ಹೋದ ಶಬ್ದ ಗೋಡೆಗೆ ಬಡಿದು ವಾಪಸ್ ಬರೋಷ್ಟರಲ್ಲಿ ಯಾವುದೋ ಒಂದು ಫ್ರೀಕ್ವೆನ್ಸಿಯಲ್ಲಿ ಎತ್ತು ಏರಿಗೆ ಕೋಣ ನೀರಿಗೆ ಅನ್ನೋ ಹಾಗೆ ಆಗಿ ಎರಡೂ ಒಂದನ್ನೊಂದು ಕೊಲ್ಲತ್ತೆ. 1130 ಅನ್ನ ವೂಫರ್‌ನಿಂದ ಗೋಡೆಗಿರೋ ಅಡಿಯ ನಾಲ್ಕರಷ್ಟರಿಂದ ಭಾಗಿಸಿದ್ರೆ ಅದು ಎಲ್ಲಿ ಅಂತ ಗೊತ್ತಾಗತ್ತೆ: 2 ಅಡಿಗೆ 141 ಹರ್ಟ್ಜ್, 3 ಅಡಿಗೆ 94, ಒಂದೂವರೆ ಅಡಿಗೆ 188. 141 ಅಂದ್ರೆ ಗಂಡು ದನಿಯ ಬೇರು ಇರೋ ಜಾಗ. ಹಿಂದಿನ ಗೋಡೆಗೂ 2 ಅಡಿ ಪಕ್ಕದ ಗೋಡೆಗೂ 2 ಅಡಿ ಅಂತ ಸಮ ಇಟ್ರೆ ಎರಡು ಹಳ್ಳ ಒಂದೇ ಕಡೆ ಸೇರಿ ದನಿ ತೆಳುವಾಗತ್ತೆ, ಹಾಗಾಗಿ ಅಳತೆಗಳು ಬೇರೆಬೇರೆ ಇರ್ಲಿ. ಮೂಲೆಗೆ ಮಾತ್ರ ಇಡಲೇಬೇಡಿ.

ಎರಡು ಸ್ಪೀಕರ್ ಮಧ್ಯೆ ಎಷ್ಟು ದೂರ ಇದ್ಯೋ ಅಷ್ಟೇ ದೂರ ನಿಮ್ಮ ಕಿವಿಗೂ, ಟ್ವೀಟರ್ ಕಿವಿ ಮಟ್ಟಕ್ಕೆ. ಮೇಜಿನ ಮೇಲೆ ಚಪ್ಪಟೆ ಇಟ್ರೆ ಮೇಜೇ ಹಾಡೋಕೆ ಶುರು ಮಾಡತ್ತೆ, ಸ್ಟ್ಯಾಂಡ್ ಬೇಕು, ಬಜೆಟ್ ಮಾಡೋವಾಗ್ಲೇ ಅದನ್ನ ಸೇರಿಸ್ಕೊಳ್ಳಿ, ಭಾರವಾಗಿ ಅಲುಗಾಡದೇ ಇದ್ರೆ ಸಾಕು. ಪಕ್ಕದ ಗೋಡೆ ಮೇಲೆ ಒಬ್ಬರು ಕನ್ನಡಿ ಹಿಡಿದು ಸರಿಸ್ತಾ ಹೋಗ್ಲಿ, ಕುರ್ಚಿಯಲ್ಲಿ ಕೂತವರಿಗೆ ಟ್ವೀಟರ್ ಎಲ್ಲಿ ಕಾಣತ್ತೋ ಆ ಜಾಗದಲ್ಲಿ ದಪ್ಪ ಪರದೆನೋ ಪುಸ್ತಕದ ಕಪಾಟೋ ಬರೋ ಹಾಗೆ ಮಾಡಿ, ನೆಲಕ್ಕೆ ಜಮಖಾನ. ತೆಳು ಫೋಮ್ ಹಾಳೆ ಅಂಟಿಸಿದ್ರೆ ಬೇಸ್ ಸರಿಹೋಗತ್ತೆ ಅಂದ್ಕೋಬೇಡಿ, 56 ಹರ್ಟ್ಜ್‌ನ ಅಲೆ 20 ಅಡಿ ಉದ್ದ, ಒಂದು ಇಂಚು ಫೋಮು ಅದಕ್ಕೆ ಕಾಣಿಸೋದೂ ಇಲ್ಲ. ಉಳಿದ ಬೇಸ್ ಉಬ್ಬನ್ನ ಇಕ್ವಲೈಜರ್‌ನಲ್ಲಿ ಇಳಿಸಬಹುದು, ಆರ್‌ಇಡಬ್ಲ್ಯೂ ಅನ್ನೋ ಉಚಿತ ಸಾಫ್ಟ್‌ವೇರ್ ಮತ್ತೆ ಒಂದು ಅಳತೆ ಮೈಕ್ ಇದ್ರೆ ಎಲ್ಲಿ ಎಷ್ಟು ಅಂತ ಗೊತ್ತಾಗತ್ತೆ. ಗುಡ್ಡ ಕಡಿಯಿರಿ, ಹಳ್ಳ ತುಂಬೋಕೆ ಹೋಗ್ಬೇಡಿ, ಗೋಡೆ ತಿಂದಿರೋ ಶಬ್ದಕ್ಕೆ ಎಷ್ಟು ಪವರ್ ಸುರಿದ್ರೂ ಅದು ತಿಂತಾನೇ ಇರತ್ತೆ. ಸಬ್‌ವೂಫರ್, ಅಂದ್ರೆ ತೀರಾ ಕೆಳಗಿನ ಬೇಸ್‌ಗೆ ಅಂತಲೇ ಇರೋ ಬೇರೆ ಡಬ್ಬ, ಈಗ್ಲೇ ಬೇಡ, ಕೆಲವು ತಿಂಗಳು ಕೇಳಿ, ಆಮೇಲೂ ಕೆಳಗೆ ಖಾಲಿ ಅನ್ಸಿದ್ರೆ 80 ಹರ್ಟ್ಜ್ ಆಸುಪಾಸಿನಿಂದ ಕೆಳಗಿನ ಕೆಲಸ ಅದಕ್ಕೆ ಕೊಟ್ಟು ಸೇರಿಸಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋಕೆ ಹೆದರಬೇಡಿ, ಕಡಿಮೆ ದುಡ್ಡಿಗೆ ಒಂದು ಮೆಟ್ಟಿಲು ಮೇಲಿನ ಸ್ಪೀಕರ್ ಸಿಗೋದು ಅಲ್ಲೇ. ಕೋನ್ ಸುತ್ತ ಇರೋ ಅಂಚು ಫೋಮ್‌ದಾಗಿದ್ರೆ ಬೆರಳಲ್ಲಿ ಮುಟ್ಟಿ ನೋಡಿ, ವರ್ಷ ಕಳೆದ ಹಾಗೆ ಪುಡಿಪುಡಿ ಆಗತ್ತೆ, ರಬ್ಬರ್ ಅಂಚು ಬಾಳಿಕೆ ಜಾಸ್ತಿ. ಕೋನನ್ನ ಎರಡೂ ಕಡೆ ಸಮವಾಗಿ ಬೆರಳಿಟ್ಟು ಮೆಲ್ಲಗೆ ಒತ್ತಿ, ಕರಕರ ಅಂದ್ರೆ ಒಳಗೆ ಕಾಯಿಲ್ ಉಜ್ಜತಿದೆ, ಬೇಡ. ಟ್ವೀಟರ್ ಹತ್ರ ಕಿವಿ ಇಟ್ಟು ಎರಡೂ ಕಡೆ ಒಂದೇ ಥರ ಕೇಳ್ಸತ್ತಾ ನೋಡಿ. ಮನೆಗೆ ತಂದ ಮೇಲೆ ಕೆಂಪು ಕೆಂಪಿಗೆ ಕಪ್ಪು ಕಪ್ಪಿಗೆ ಸೇರಿಸಿದ್ದೀರಾ ಅಂತ ಇನ್ನೊಂದು ಸಲ ನೋಡಿ. ಒಂದು ಕಡೆ ಉಲ್ಟಾ ಆಗಿದ್ರೆ ಬೇಸ್ ಮಾಯ ಆಗತ್ತೆ, ಗಾಯಕಿ ಎಲ್ಲಿದ್ದಾಳೆ ಅಂತಾನೇ ಗೊತ್ತಾಗಲ್ಲ, ಸರಿ ಇದ್ರೆ ಕಣ್ಣು ಮುಚ್ಚಿದಾಗ ಆಕೆ ಎರಡು ಡಬ್ಬದ ನಡುವೆ, ಏನೂ ಇಲ್ಲದ ಜಾಗದಲ್ಲಿ, ನಿಂತು ಹಾಡ್ತಿರ್ತಾಳೆ.